ಆಂಟಿಬಯಾಟಿಕ್ ಹಾಕಿದ್ರೂ ಸೋಂಕು ಬಗ್ತಿಲ್ಲ: ರೆಸಿಸ್ಟೆನ್ಸ್ ಅನ್ನೋಕೆ ಮುಂಚೆ ಏನೇನು ನೋಡ್ಬೇಕು

ಸಾಮಾನ್ಯವಾಗಿ ಆಗೋದು ಹೀಗೆ. ಹಸುಗೆ ಕೆಚ್ಚಲು ಬಾವು, ಇಲ್ಲಾ ಕರುಗೆ ಭೇದಿ, ಇಲ್ಲಾ ಕೋಳಿ ಶೆಡ್ಡಲ್ಲಿ ದಿನಾ ಸಾವು, ಆಂಟಿಬಯಾಟಿಕ್ ಶುರು ಮಾಡಿ ಎರಡು ದಿನ ಆಗಿದೆ, ಏನೂ ವ್ಯತ್ಯಾಸ ಕಾಣ್ತಿಲ್ಲ, ಆಗ ಯಾರೋ ಒಬ್ರು "ಈ ಔಷಧಿಗೆ ರೆಸಿಸ್ಟೆನ್ಸ್ ಬಂದ್ಬಿಟ್ಟಿದೆ (ಅಂದ್ರೆ ಬ್ಯಾಕ್ಟೀರಿಯಾ ಈ ಔಷಧಿಗೆ ಸಾಯಲ್ಲ), ಇದಕ್ಕಿಂತ ಸ್ಟ್ರಾಂಗ್ ಇರೋದು ಹಾಕಿ" ಅಂತಾರೆ, ಅವತ್ತೇ ಔಷಧಿ ಬದಲಾಗುತ್ತೆ, ಅದೂ ಕೆಲಸ ಮಾಡದಿದ್ರೆ ಮೂರನೇದು. ಒಂದೇ ಒಂದು ಸ್ಯಾಂಪಲ್ ತೆಗೆದಿರಲ್ಲ. ಕೊನೆಗೆ ಪ್ರಾಣಿ ವಾಸಿ ಆದ್ರೂ ಯಾವುದರಿಂದ ಆಯ್ತು ಗೊತ್ತಿಲ್ಲ, ಸತ್ರೂ ಯಾಕೆ ಸತ್ತಿತು ಗೊತ್ತಿಲ್ಲ, ಆದ್ರೆ ಆ ಫಾರಂನಲ್ಲಿರೋ ಬ್ಯಾಕ್ಟೀರಿಯಾ ಮಾತ್ರ ಮೂರು ಔಷಧಿ ಜೊತೆ ಬದುಕೋದು ಕಲಿಯೋಕೆ ಶುರು ಮಾಡಿರುತ್ತೆ.

ರೆಸಿಸ್ಟೆನ್ಸ್ ಅನ್ನೋದು ನಿಜವಾದ ಸಮಸ್ಯೆ, ದೊಡ್ಡ ಸಮಸ್ಯೆ, ಅದ್ರಲ್ಲಿ ಅನುಮಾನ ಇಲ್ಲ. ಅದಕ್ಕೇ ನಾನು ಹೇಳೋದು, ಅದನ್ನ ಊಹೆ ಮಾಡ್ಬೇಡಿ, ಬೇರೆ ಕಾರಣಗಳನ್ನ ಒಂದೊಂದಾಗಿ ತಳ್ಳಿ ಹಾಕ್ಕೊಂಡು ಬಂದು ಕೊನೆಗೆ ಟೆಸ್ಟ್ ಮಾಡಿ ಸಾಬೀತು ಮಾಡ್ಕೊಳ್ಳಿ. ಮತ್ತೆ ಏನೇ ಮಾಡಿದ್ರೂ ಎರಡನೇ ಔಷಧಿ ಹಾಕೋಕೆ ಮುಂಚೆ ಸ್ಯಾಂಪಲ್ ತೆಗೆದಿಡಿ, ಈ ಇಡೀ ಬರಹದಲ್ಲಿ ಒಂದೇ ಮಾತು ನೆನಪಿಡೋದಾದ್ರೆ ಇದನ್ನ ನೆನಪಿಡಿ.

ನಿಜವಾಗಲೂ ಫೇಲ್ ಆಗಿದೆಯಾ?

ಇಂಜೆಕ್ಷನ್ ಹಾಕಿದ ಮಾರನೇ ದಿನಾನೇ ತೀರ್ಪು ಕೊಡೋಕಾಗಲ್ಲ. ನ್ಯುಮೋನಿಯಾ ತರದ್ದಕ್ಕೆ 48ರಿಂದ 72 ಗಂಟೆ ಕಾಯ್ಬೇಕು, ಆಗ ಜ್ವರ ಇಳಿದಿದೆಯಾ, ಮೇವು ತಿಂತಿದೆಯಾ, ಉಸಿರಾಟ ಹಗುರ ಆಗಿದೆಯಾ ಅಂತ ನೋಡಿ, ಕೆಮ್ಮು ಇನ್ನೂ ಇದೆ ಅನ್ನೋದನ್ನ ಲೆಕ್ಕಕ್ಕೆ ತಗೋಬೇಡಿ, ಅದು ಕೊನೆಗೆ ಹೋಗೋದು. (ಈ ಕಾಯೋ ಹೊತ್ತಲ್ಲಿ ಪ್ರಾಣಿ ಕಣ್ಮುಂದೆ ಕುಸೀತಿದ್ರೆ ಗಂಟೆ ಎಣಿಸ್ತಾ ಕೂರ್ಬೇಡಿ, ಡಾಕ್ಟ್ರನ್ನ ಕರೆಸಿ.) ಕೆಚ್ಚಲು ಬಾವಲ್ಲಿ ಇನ್ನೂ ಮೋಸ ಜಾಸ್ತಿ. ಬ್ಯಾಕ್ಟೀರಿಯಾ ಸತ್ತ ಮೇಲೂ ಹಾಲಲ್ಲಿ ಗಡ್ಡೆ ಗಡ್ಡೆ ಬರೋದು ನಾಲ್ಕೈದು ದಿನ ಮುಂದುವರೀಬಹುದು, ಯಾಕಂದ್ರೆ ಅದು ಬಾವಿನ ಕಸ, ಜೀವಂತ ಸೋಂಕು ಇರ್ಲೇಬೇಕು ಅಂತಿಲ್ಲ. ಸೊಮ್ಯಾಟಿಕ್ ಸೆಲ್ ಕೌಂಟ್ (ಹಾಲಲ್ಲಿರೋ ಹಸುವಿನ ಜೀವಕೋಶಗಳ ಎಣಿಕೆ, ಬಾವು ಇದ್ರೆ ಏರುತ್ತೆ) ಇಳಿಯೋಕೆ ವಾರಗಳೇ ಬೇಕು. ಮೂರನೇ ದಿನ ಹಾಲು ಇನ್ನೂ ಸರಿ ಆಗಿಲ್ಲ ಅಂತ ಔಷಧಿ ಬದಲಾಯಿಸಿದ್ರೆ ಐದನೇ ದಿನ ಅದು ತಾನಾಗೇ ಸರಿ ಆಗಿ ಕ್ರೆಡಿಟ್ ಎಲ್ಲಾ ಎರಡನೇ ಔಷಧಿಗೆ ಹೋಗುತ್ತೆ, ಮುಂದಿನ ಸಲ ಎಲ್ಲಾ ಹಸುಗೂ ಅದನ್ನೇ ಮೊದಲು ಹಾಕ್ತಾರೆ.

ಇದರ ಉಲ್ಟಾನೂ ಇದೆ. ಇ ಕೋಲೈ ಅನ್ನೋ ಕರುಳಿನ ಬ್ಯಾಕ್ಟೀರಿಯಾದಿಂದ ಬರೋ ಸಣ್ಣ ಪ್ರಮಾಣದ ಕೆಚ್ಚಲು ಬಾವನ್ನ ಎಷ್ಟೋ ಸಲ ಹಸುವಿನ ದೇಹಾನೇ ಕ್ಲಿಯರ್ ಮಾಡ್ಕೊಳ್ಳುತ್ತೆ. ಅಲ್ಲಿ ಔಷಧಿ "ಕೆಲಸ ಮಾಡ್ತು" ಅಂದ್ರೆ ಅದಕ್ಕೆ ಅರ್ಥ ಇಲ್ಲ, ಲ್ಯಾಬ್ ರಿಪೋರ್ಟಲ್ಲಿ ಅದೇ ಔಷಧಿಗೆ ರೆಸಿಸ್ಟೆಂಟ್ ಅಂತ ಬಂದಿದ್ರೂ ಹಸು ವಾಸಿ ಆಗಿರುತ್ತೆ.

ಬ್ಯಾಕ್ಟೀರಿಯಾನೇನಾ ಅದು?

ಕರುಗಳ ಭೇದಿಲಿ ವಯಸ್ಸು ಕೇಳಿ ಮೊದಲು. ಹುಟ್ಟಿದ ಮೊದಲ ನಾಲ್ಕೈದು ದಿನದೊಳಗೆ ನೀರು ತರ ಭೇದಿ ಅಂದ್ರೆ ಟಾಕ್ಸಿನ್ ಮಾಡೋ ಇ ಕೋಲೈ ಮೇಲೆ ಅನುಮಾನ ಪಡಬಹುದು, ಆದ್ರೆ ಒಂದು ವಾರ ಎರಡು ವಾರದ ಕರು ಅಂದ್ರೆ ರೋಟಾವೈರಸ್, ಕೊರೊನಾವೈರಸ್, ಕ್ರಿಪ್ಟೋಸ್ಪೊರಿಡಿಯಂ ಇವೇ ಜಾಸ್ತಿ. ಮೊದಲೆರಡು ವೈರಸ್, ಮೂರನೇದು ಪರಾವಲಂಬಿ, ಮೂರಕ್ಕೂ ನಿಮ್ಮ ಕೈಲಿರೋ ಆಂಟಿಬಯಾಟಿಕ್‌ನಿಂದ ಏನೂ ಆಗಲ್ಲ. ಆ ಕರುಗೆ ಬೇಕಾಗಿರೋದು ನೀರು, ಉಪ್ಪಿನಂಶ, ಹಾಲು, ಬೆಚ್ಚಗಿನ ಜಾಗ.

ಕೋಳಿಗಳಲ್ಲಿ ಇ ಕೋಲೈ ಕಾಯಿಲೆ ಬಹಳ ಸಲ ಎರಡನೇದಾಗಿ ಬರುತ್ತೆ. ಮೊದಲು ಇನ್ಫೆಕ್ಷಿಯಸ್ ಬ್ರಾಂಕೈಟಿಸ್ ವೈರಸ್ಸೋ ಮೈಕೋಪ್ಲಾಸ್ಮಾ ಅನ್ನೋ ಸಣ್ಣ ಬ್ಯಾಕ್ಟೀರಿಯಾನೋ ಶೆಡ್ಡಿನ ಅಮೋನಿಯಾನೋ ಉಸಿರಾಟದ ಒಳಪದರ ಹಾಳು ಮಾಡಿರುತ್ತೆ, ಆ ದಾರೀಲಿ ಇ ಕೋಲೈ ಒಳಗೆ ಹೋಗುತ್ತೆ. ಔಷಧಿ ಕೊಟ್ಟಷ್ಟು ದಿನ ಸಾವು ಕಮ್ಮಿ, ನಿಲ್ಲಿಸಿದ ತಕ್ಷಣ ಮತ್ತೆ ಜಾಸ್ತಿ, ಈ ಪ್ಯಾಟರ್ನ್ ಕಂಡ್ರೆ ಔಷಧಿ ಕೆಲಸ ಮಾಡ್ತಿದೆ ಆದ್ರೆ ಮೂಲ ಕಾರಣ ಹಾಗೇ ಇದೆ ಅಂತ. ಶೆಡ್ಡೊಳಗೆ ಹೋದಾಗ ಕಣ್ಣು ಉರಿಯುತ್ತಾ ನೋಡಿ, ಉರಿದ್ರೆ ಮೊದಲು ಗಾಳಿ, ಕೆಳಗಿನ ಹಾಸು ಸರಿ ಮಾಡಿ.

ಇನ್ನೊಂದು ಮೈಕೋಪ್ಲಾಸ್ಮಾ. ಇದಕ್ಕೆ ಕೋಶಭಿತ್ತಿನೇ (ಬ್ಯಾಕ್ಟೀರಿಯಾದ ಹೊರಗೋಡೆ) ಇಲ್ಲ, ಪೆನಿಸಿಲಿನ್ ಮತ್ತೆ ಸೆಫಲೋಸ್ಪೊರಿನ್ ಹೊಡೆಯೋದೇ ಕೋಶಭಿತ್ತಿಗೆ, ಹಾಗಾಗಿ ಎಷ್ಟು ಡೋಸ್ ಕೊಟ್ರೂ ಪ್ರಯೋಜನ ಇಲ್ಲ. ಒಂದು ಹಸುವಿನ ಒಂದಕ್ಕಿಂತ ಜಾಸ್ತಿ ಮೊಲೆಯಲ್ಲಿ ಬಾವು, ಹಸು ನೋಡೋಕೆ ಚೆನ್ನಾಗೇ ಇದೆ, ಹಾಲು ಮಾತ್ರ ಧಿಡೀರ್ ಇಳಿದಿದೆ, ಮಾಮೂಲಿ ಕಲ್ಚರಲ್ಲಿ (ಲ್ಯಾಬಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡೋದು) "ನೋ ಗ್ರೋತ್" ಅಂತ ಬರ್ತಿದೆ, ಜೊತೆಗೆ ಕರುಗಳಲ್ಲಿ ಕೀಲು ಊತ ಇಲ್ಲಾ ಕಿವಿ ಜೋತು ಬೀಳೋದು ಕಾಣ್ತಿದೆ ಅಂದ್ರೆ ಲ್ಯಾಬಿಗೆ ಮೈಕೋಪ್ಲಾಸ್ಮಾಗೆ ನೋಡಿ ಅಂತ ಬಾಯಿಬಿಟ್ಟು ಹೇಳ್ಬೇಕು, ಅದಕ್ಕೆ ಬೇರೆ ಮೀಡಿಯಂ ಬೇಕು, ವಾರ ಹತ್ತು ದಿನ ಇಡ್ಬೇಕು, ಕೇಳದೇ ಇದ್ರೆ ಯಾರೂ ಮಾಡಲ್ಲ.

ಔಷಧಿ ಅಲ್ಲಿಗೆ ತಲುಪ್ತಿದೆಯಾ?

ಔಷಧಿ ಫೇಲ್ ಆಗೋದ್ರಲ್ಲಿ ಬಹಳಷ್ಟು ಇಲ್ಲೇ ಸಿಕ್ಕಿಬೀಳೋದು ಅಂತ ನನ್ನ ಅಭಿಪ್ರಾಯ, ಅದಕ್ಕೆ ಸ್ವಲ್ಪ ಜಾಸ್ತಿ ಬರೀತೀನಿ.

ತೂಕ. ಎಲ್ರೂ ಕಣ್ಣಳತೆಲಿ ಹೇಳ್ತಾರೆ. ಟೇಪ್ ತಗೊಂಡು ಮುಂಗಾಲಿನ ಹಿಂದೆ ಎದೆ ಸುತ್ತಳತೆ ಸೆಂಟಿಮೀಟರಲ್ಲಿ ಅಳೀರಿ, ಭುಜದ ಮೂಳೆ ತುದಿಯಿಂದ ಹಿಂದಿನ ಪೃಷ್ಠದ ಮೂಳೆ ತುದಿವರೆಗೆ ಉದ್ದ ಅಳೀರಿ, ಸುತ್ತಳತೆ ಗುಣಿಸು ಸುತ್ತಳತೆ ಗುಣಿಸು ಉದ್ದ, ಬಂದಿದ್ದನ್ನ 10840ರಿಂದ ಭಾಗಿಸಿದ್ರೆ ಹತ್ತಿರ ಹತ್ತಿರ ಕೆಜಿ ಸಿಗುತ್ತೆ. ಸುತ್ತಳತೆ 180, ಉದ್ದ 150 ಇದ್ರೆ ಸುಮಾರು 448 ಕೆಜಿ. ಇದೇ ಹಸುನ 350 ಅಂತ ಅಂದಾಜು ಮಾಡಿ ಔಷಧಿ ಎಳೆದ್ರೆ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಡೋಸ್ ಕಮ್ಮಿ ಹೋಯ್ತು, ಅದೂ ಪ್ರತಿ ದಿನ.

ದಾರಿ. ಜೆಂಟಾಮೈಸಿನ್, ನಿಯೋಮೈಸಿನ್ ಇವನ್ನ ಬಾಯಿಗೆ ಕೊಟ್ರೆ ಕರುಳಲ್ಲೇ ಉಳಿಯುತ್ತೆ, ರಕ್ತಕ್ಕೆ ಹೋಗೋದು ಅತ್ಯಲ್ಪ. ಕರುಳಿನ ಸೋಂಕಿಗೆ ಸರಿ, ಶ್ವಾಸಕೋಶದ್ದಕ್ಕೆ ವ್ಯರ್ಥ. ಪೆನಿಸಿಲಿನ್ ಜಿ ಬಾಯಿಗೆ ಕೊಟ್ರೆ ಹೊಟ್ಟೆಯ ಆಸಿಡ್ಡಲ್ಲೇ ಹಾಳಾಗುತ್ತೆ. ಆಕ್ಸಿಟೆಟ್ರಾಸೈಕ್ಲಿನ್‌ನಲ್ಲಿ ಮಾಮೂಲಿದು ದಿನಾ ಹಾಕೋದು, ಲಾಂಗ್ ಆಕ್ಟಿಂಗ್ ಬೇರೆ, ಅದರ ಡೋಸೂ ಬೇರೆ, ಬಾಟಲಿ ಮೇಲೆ ಬರೆದಿರೋದು ಓದದೇ ಮಾಮೂಲಿದನ್ನ ಒಂದೇ ಸಲ ಹಾಕಿ ಮೂರು ದಿನ ಕಾದ್ರೆ ಎರಡನೇ ದಿನದಿಂದ ಪ್ರಾಣಿ ಮೈಲಿ ಔಷಧಿನೇ ಸಾಕಷ್ಟಿರಲ್ಲ.

ನೀರಲ್ಲಿ ಕೊಡೋ ಔಷಧಿ. ಟೆಟ್ರಾಸೈಕ್ಲಿನ್ ಗುಂಪು ಮತ್ತೆ ಎನ್ರೋಫ್ಲಾಕ್ಸಾಸಿನ್ ತರದವು ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣದ ಜೊತೆ ಕಟ್ಕೊಂಡು ಬಿಡುತ್ತೆ, ಗಡಸು ನೀರಲ್ಲೋ ಹಾಲಲ್ಲೋ ಕಲಸಿ ಕೊಟ್ರೆ ಹೀರಿಕೊಳ್ಳೋದು ಕಮ್ಮಿ ಆಗುತ್ತೆ. ಪೈಪ್ ಒಳಗೆ ಲೋಳೆ ಕಟ್ಟಿದ್ರೆ ಅದೂ ಔಷಧಿ ತಿಂದುಹಾಕುತ್ತೆ. ಎಲ್ಲಕ್ಕಿಂತ ಮುಖ್ಯ, ಕಾಯಿಲೆ ಜೋರಿರೋ ಕೋಳಿ ನೀರೇ ಕುಡಿಯಲ್ಲ, ಆರೋಗ್ಯವಾಗಿರೋದು ಚೆನ್ನಾಗಿ ಕುಡಿಯುತ್ತೆ, ಅಂದ್ರೆ ಔಷಧಿ ಬೇಕಿಲ್ಲದವಕ್ಕೆ ಪೂರ್ತಿ ಸಿಗ್ತಿದೆ, ಬೇಕಾದವಕ್ಕೆ ಅರೆಬರೆ ಸಿಗ್ತಿದೆ, ಅರೆಬರೆ ಪ್ರಮಾಣ ಅನ್ನೋದೇ ರೆಸಿಸ್ಟೆಂಟ್ ತಳಿನ ಆರಿಸಿ ಬೆಳೆಸೋಕೆ ಹೇಳಿ ಮಾಡಿಸಿದ ಸ್ಥಿತಿ.

ಔಷಧಿ ಶುರು ಮಾಡಿದ ಮೇಲೇ ಸಾವು ಜಾಸ್ತಿ ಆದ್ರೆ? ಆಹಾರದಲ್ಲಿ ಮೊನೆನ್ಸಿನ್, ಸಾಲಿನೋಮೈಸಿನ್ ಅಥವಾ ನರಾಸಿನ್ (ಕಾಕ್ಸಿಡಿಯೋಸಿಸ್ ತಡೆಯೋಕೆ ಆಹಾರಕ್ಕೆ ಸೇರಿಸೋ ಔಷಧಿಗಳು) ಇದೆಯಾ, ಕೊಡ್ತಿರೋ ಆಂಟಿಬಯಾಟಿಕ್ ಟಿಯಾಮುಲಿನ್ ಆ ಅಂತ ತಕ್ಷಣ ನೋಡಿ. ಆ ಮೂರರಲ್ಲಿ ಯಾವುದಾದ್ರೂ ಟಿಯಾಮುಲಿನ್ ಜೊತೆ ಸೇರಿದ್ರೆ ವಿಷ, ಕೋಳಿ ಹಂದಿ ಎರಡಕ್ಕೂ. ಕಾಲು ಸೋತು ಮಲಗೋದು, ಸಾಯೋದು ಶುರುವಾಗುತ್ತೆ. ಇದನ್ನ ರೆಸಿಸ್ಟೆನ್ಸ್ ಅಂದ್ಕೊಂಡು ಡೋಸ್ ಏರಿಸಿದ್ರೆ ಅನಾಹುತ.

ಔಷಧಿ ತಲುಪಿದ್ರೂ ಕೆಲಸ ಮಾಡಕ್ಕಾಗದ ಜಾಗಗಳಿವೆ. ಕೀವು ತುಂಬಿದ ಗಡ್ಡೆ ಒಳಗೆ ಆಮ್ಲಜನಕ ಇರಲ್ಲ, ಆಸಿಡ್ ಜಾಸ್ತಿ, ಅಲ್ಲಿ ಜೆಂಟಾಮೈಸಿನ್ ಗುಂಪಿಗೆ ಬ್ಯಾಕ್ಟೀರಿಯಾ ಒಳಗೆ ಹೋಗೋಕೇ ಆಗಲ್ಲ, ಸಲ್ಫಾ ಔಷಧಿಗಳು ಕೀವಿನಲ್ಲಿರೋ ವಸ್ತುಗಳಿಂದ ನಿಷ್ಪ್ರಯೋಜಕ ಆಗ್ತವೆ. ಕೀವು ಹೊರಗೆ ತೆಗಿಸದೇ ಯಾವ ಆಂಟಿಬಯಾಟಿಕ್ ಹಾಕಿದ್ರೂ ಅಷ್ಟೇ. ಸ್ಟಫೈಲೋಕಾಕಸ್ ಆರಿಯಸ್ ಅನ್ನೋ ಬ್ಯಾಕ್ಟೀರಿಯಾ ಕೆಚ್ಚಲಲ್ಲಿ ಹಳೇದಾಗಿದ್ರೆ ಜೀವಕೋಶಗಳ ಒಳಗೆ, ಸಣ್ಣ ಸಣ್ಣ ಕೀವುಗಡ್ಡೆ ಒಳಗೆ ಅಡಗಿರುತ್ತೆ, ಲ್ಯಾಬಲ್ಲಿ ಎಲ್ಲಾ ಔಷಧಿಗೂ "ಸೆನ್ಸಿಟಿವ್" (ಅಂದ್ರೆ ಔಷಧಿಗೆ ಬಗ್ಗುತ್ತೆ), ಹಸುಲಿ ಯಾವುದೂ ಕೆಲಸ ಮಾಡಲ್ಲ. ವಯಸ್ಸಾದ ಹಸು, ತಿಂಗಳುಗಟ್ಟಲೆ ಸೆಲ್ ಕೌಂಟ್ ಹೈ, ಎರಡು ಮೂರು ಮೊಲೆಗೆ ಹಬ್ಬಿದೆ ಅಂದ್ರೆ ಅದಕ್ಕೆ ಇನ್ನೊಂದು ಕೋರ್ಸ್ ಹಾಕೋದಕ್ಕಿಂತ ಬೇರೆ ಹಸುಗಳಿಂದ ದೂರ ಇಟ್ಟು ಕೊನೆಗೆ ಹಿಂಡೋದು, ಆಮೇಲೆ ಹಿಂಡಿನಿಂದ ತೆಗಿಯೋದರ ಬಗ್ಗೆ ಯೋಚನೆ ಮಾಡೋದು ಸರಿ. ಕಷ್ಟದ ಮಾತು, ಆದ್ರೂ ಸರಿಯಾದ ಮಾತು.

ಸ್ಯಾಂಪಲ್

ಕೆಟ್ಟ ಸ್ಯಾಂಪಲ್‌ಗಿಂತ ಸ್ಯಾಂಪಲ್ ಇಲ್ಲದಿರೋದೇ ಮೇಲು, ಯಾಕಂದ್ರೆ ಸಗಣಿಯಲ್ಲಿರೋ ಇ ಕೋಲೈಗೆ ರಿಪೋರ್ಟ್ ಬಂದು ಅದರ ಪ್ರಕಾರ ಹಸುಗೆ ಔಷಧಿ ಹಾಕ್ತೀರಿ. ಹಾಲಾದ್ರೆ ಮೊಲೆ ಒಣಗಿಸಿ, ಮೊದಲ ಮೂರ್ನಾಲ್ಕು ಸೆಲೆ ಬಿಟ್ಟು, 70 ಪರ್ಸೆಂಟ್ ಆಲ್ಕೋಹಾಲ್ ಹತ್ತಿಲಿ ಮೊಲೆ ತುದಿ ಕ್ಲೀನ್ ಆಗೋವರೆಗೂ ಒರೆಸಿ, ದೂರದ ಮೊಲೆ ಮೊದಲು ಒರೆಸಿ ಹತ್ತಿರದ್ದು ಆಮೇಲೆ, ಸ್ಯಾಂಪಲ್ ಹಿಡಿಯೋವಾಗ ಹತ್ತಿರದ್ದು ಮೊದಲು ದೂರದ್ದು ಆಮೇಲೆ, ಆಗ ಕೈ ಒರೆಸಿದ ಜಾಗಕ್ಕೆ ತಾಗಲ್ಲ. ಬಾಟಲಿ ಓರೆ ಹಿಡೀರಿ, ಮುಚ್ಚಳದ ಒಳಗೆ ಮುಟ್ಟಬೇಡಿ, ಐಸಲ್ಲಿಟ್ಟು ಅವತ್ತೇ ಇಲ್ಲಾ ಮಾರನೇ ದಿನದೊಳಗೆ ಮುಟ್ಟಿಸಿ. ಫ್ರೀಜ್ ಮಾಡಿದ್ರೆ ಸ್ಟಫೈಲೋಕಾಕಸ್ ತಡ್ಕೊಳ್ಳುತ್ತೆ, ಇ ಕೋಲೈ ಮತ್ತೆ ಮೈಕೋಪ್ಲಾಸ್ಮಾ ಕಮ್ಮಿ ಆಗಬಹುದು. ಒಂದೇ ಹಾಲಲ್ಲಿ ಮೂರು ಇಲ್ಲಾ ಜಾಸ್ತಿ ತರದ ಬ್ಯಾಕ್ಟೀರಿಯಾ ಬೆಳೆದ್ರೆ ಅದು ಕೊಳೆಯಾದ ಸ್ಯಾಂಪಲ್, ಮತ್ತೆ ತೆಗೀರಿ. ಸ್ಟಫೈಲೋಕಾಕಸ್ ಆರಿಯಸ್ ಎಲ್ಲಾ ದಿನ ಹಾಲಲ್ಲಿ ಬರಲ್ಲ, ಅನುಮಾನ ಇದ್ರೆ ಒಂದು ನೆಗೆಟಿವ್‌ಗೆ ಸುಮ್ಮನಾಗಬೇಡಿ.

ಕೋಳಿಯಾದ್ರೆ ಈಗಷ್ಟೇ ಸತ್ತಿರೋದು, ಒಂದಲ್ಲ ಮೂರರಿಂದ ಐದು, ಹೃದಯ, ಲಿವರ್ ಇಲ್ಲಾ ಮೂಳೆ ಮಜ್ಜೆಯಿಂದ ತೆಗೀಬೇಕು. ಕರುಳಿಂದ ಇ ಕೋಲೈ ಬಂತು ಅನ್ನೋದು ಸುದ್ದಿನೇ ಅಲ್ಲ, ಎಲ್ಲಾ ಕೋಳಿ ಕರುಳಲ್ಲೂ ಅದು ಇದ್ದೇ ಇರುತ್ತೆ, ಸತ್ತು ಗಂಟೆಗಳಾದ್ರೆ ಎಲ್ಲಾ ಅಂಗಕ್ಕೂ ಹಬ್ಬಿರುತ್ತೆ.

ರಿಪೋರ್ಟ್ ಬಂತು, ಅದನ್ನ ನಂಬಬಹುದಾ?

ಮೊದಲನೇದಾಗಿ, ಯಾವ ಔಷಧಿಗೆ ಝೋನ್ (ಅಗರ್ ಅನ್ನೋ ಜೆಲ್ಲಿ ಹಾಕಿದ ಪ್ಲೇಟಲ್ಲಿ ಔಷಧಿ ಡಿಸ್ಕಿನ ಸುತ್ತ ಬ್ಯಾಕ್ಟೀರಿಯಾ ಬೆಳೆಯದೇ ಇರೋ ವೃತ್ತ) ದೊಡ್ಡದಿದೆಯೋ ಅದೇ ಒಳ್ಳೇ ಔಷಧಿ ಅನ್ನೋದು ತಪ್ಪು. ಇದನ್ನ ಎಷ್ಟು ಸಲ ಹೇಳಿದ್ರೂ ಸಾಲಲ್ಲ. ಒಂದೊಂದು ಔಷಧಿನೂ ಅಗರ್‌ನಲ್ಲಿ ಹರಡೋ ವೇಗ ಬೇರೆ, ಡಿಸ್ಕಲ್ಲಿರೋ ಪ್ರಮಾಣ ಬೇರೆ, ಹಾಗಾಗಿ ಒಂದರ 18 ಮಿಲಿಮೀಟರ್ ಇನ್ನೊಂದರ 28 ಮಿಲಿಮೀಟರಿಗಿಂತ ಒಳ್ಳೇದಿರಬಹುದು. ಎಮ್‌ಐಸಿ (ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯೋ ಅತಿ ಕಮ್ಮಿ ಔಷಧಿ ಪ್ರಮಾಣ) ಅಂಕಿಗೂ ಇದೇ ಮಾತು. ಪ್ರತಿ ಔಷಧಿನ ಅದರದೇ ಬ್ರೇಕ್‌ಪಾಯಿಂಟ್ (ಸೆನ್ಸಿಟಿವ್, ರೆಸಿಸ್ಟೆಂಟ್ ಅಂತ ಬೇರೆ ಮಾಡೋ ಗಡಿ ಅಂಕಿ) ಜೊತೆ ಮಾತ್ರ ಹೋಲಿಸ್ಬೇಕು, ಮತ್ತೆ ಆ ಬ್ರೇಕ್‌ಪಾಯಿಂಟ್ ಪ್ರಾಣಿದಾ ಮನುಷ್ಯರದಾ ಅಂತ ಲ್ಯಾಬಲ್ಲಿ ಕೇಳಿ. ಅಮೆರಿಕದ ಸಿಎಲ್‌ಎಸ್‌ಐ (ಲ್ಯಾಬ್ ಟೆಸ್ಟ್ ಮಾನದಂಡ ಮಾಡೋ ಸಂಸ್ಥೆ) ಪ್ರಾಣಿಗಳಿಗೆ ಅಂತಾನೇ ಬೇರೆ ಕೋಷ್ಟಕ ಕೊಡುತ್ತೆ, ಪ್ರಾಣಿ, ಕಾಯಿಲೆ, ಬ್ಯಾಕ್ಟೀರಿಯಾ ಮೂರೂ ಹೊಂದಿದಾಗ ಮಾತ್ರ ಅದಕ್ಕೆ ಬೆಲೆ. ಮನುಷ್ಯರ ರಕ್ತಕ್ಕೆ ಮಾಡಿದ ಅಂಕೆನ ಹಸುವಿನ ಕೆಚ್ಚಲಿಗೆ ಹಚ್ಚಿದ್ರೆ ಅದು ಅಂದಾಜು ಅಷ್ಟೇ.

ಎರಡನೇದು, ಆಗಕ್ಕೇ ಸಾಧ್ಯ ಇಲ್ಲದ ಫಲಿತಾಂಶಗಳು. ಕ್ಲೆಬ್ಸಿಯೆಲ್ಲಾ ಅನ್ನೋ ಬ್ಯಾಕ್ಟೀರಿಯಾಗೆ ಆಂಪಿಸಿಲಿನ್ ಸೆನ್ಸಿಟಿವ್ ಅಂತ ಬಂದಿದ್ರೆ ಗುರುತಿಸಿದ್ದೋ ಟೆಸ್ಟೋ ತಪ್ಪಿದೆ, ಅದಕ್ಕೆ ಹುಟ್ಟಿಂದಾನೇ ರೆಸಿಸ್ಟೆನ್ಸ್ ಇದೆ. ಪ್ರೋಟಿಯಸ್‌ಗೆ ಕೊಲಿಸ್ಟಿನ್, ಎಂಟೆರೊಕಾಕಸ್‌ಗೆ ಸೆಫಲೋಸ್ಪೊರಿನ್, ಸ್ಯೂಡೊಮೋನಸ್‌ಗೆ ಅಮಾಕ್ಸಿಸಿಲಿನ್, ಇವೂ ಹಾಗೇ. ಇವು "ರೆಸಿಸ್ಟೆಂಟ್" ಅಂತ ಬಂದಾಗಲೂ ಫಾರಂನಲ್ಲಿ ಹೊಸದಾಗಿ ಏನೋ ಆಗಿದೆ ಅಂತ ಗಾಬರಿ ಬೀಳ್ಬೇಕಿಲ್ಲ, ಅದು ಅವುಗಳ ಸ್ವಭಾವ. ಇನ್ನು ಸ್ಟ್ರೆಪ್ಟೊಕಾಕಸ್ ಅಗಲಾಕ್ಟಿಯೆಗೆ ಪೆನಿಸಿಲಿನ್ ರೆಸಿಸ್ಟೆಂಟ್ ಅಂತ ಬಂದ್ರೆ ನಂಬೋಕೆ ಮುಂಚೆ ಮತ್ತೆ ಮಾಡಿಸಿ, ಅದು ಅಪರೂಪ. ಸಾಲ್ಮೊನೆಲ್ಲಾದಲ್ಲಿ ಬೇರೆ ತೊಡಕು, ಜೆಂಟಾಮೈಸಿನ್ ಗುಂಪು ಮತ್ತೆ ಮೊದಲ ಎರಡು ತಲೆಮಾರಿನ ಸೆಫಲೋಸ್ಪೊರಿನ್‌ಗಳಿಗೆ ಪ್ಲೇಟಲ್ಲಿ ಚೆನ್ನಾಗಿ ಝೋನ್ ಬರುತ್ತೆ, ಪ್ರಾಣಿಲಿ ಕೆಲಸ ಮಾಡಲ್ಲ, ಅದಕ್ಕೆ ಅವನ್ನ ಸೆನ್ಸಿಟಿವ್ ಅಂತ ರಿಪೋರ್ಟ್ ಮಾಡಬಾರದು ಅಂತಾನೇ ನಿಯಮ ಇದೆ.

ಪ್ಲೇಟ್ ಹಾಕೋರಿಗೆ (ಲ್ಯಾಬಲ್ಲಿ ಈ ಟೆಸ್ಟ್ ಮಾಡೋರಿಗೆ)

ಎಲ್ಲಾ ಔಷಧಿಗೂ ಒಟ್ಟಿಗೆ ಝೋನ್ ಚಿಕ್ಕದಾಗಿದ್ರೆ ಬ್ಯಾಕ್ಟೀರಿಯಾ ಮೇಲೆ ಗೂಬೆ ಕೂರಿಸೋಕೆ ಮುಂಚೆ ಅಗರ್ ಅಳೀರಿ. ಮುಲ್ಲರ್ ಹಿಂಟನ್ ಅಗರ್ ದಪ್ಪ 4 ಮಿಲಿಮೀಟರ್ ಇರ್ಬೇಕು, ಜಾಸ್ತಿ ದಪ್ಪ ಇದ್ರೆ ಝೋನ್ ಕುಗ್ಗುತ್ತೆ, ತೆಳು ಇದ್ರೆ ಹಿಗ್ಗುತ್ತೆ. ಆಮೇಲೆ ಇನಾಕ್ಯುಲಂ, ಅಂದ್ರೆ ಪ್ಲೇಟಿಗೆ ಸವರೋ ಬ್ಯಾಕ್ಟೀರಿಯಾ ದ್ರಾವಣ, 0.5 ಮ್ಯಾಕ್‌ಫಾರ್ಲೆಂಡ್‌ಗಿಂತ (ದ್ರಾವಣ ಎಷ್ಟು ಮಬ್ಬಾಗಿರ್ಬೇಕು ಅನ್ನೋ ಅಳತೆ) ಮಂದ ಇದ್ರೆ ಎಲ್ಲಾ ರೆಸಿಸ್ಟೆಂಟ್ ತರ ಕಾಣುತ್ತೆ. ಒಂದೇ ಒಂದು ಡಿಸ್ಕ್ ಮಾತ್ರ ವಿಚಿತ್ರವಾಗಿದ್ರೆ ಆ ಡಿಸ್ಕಿನ ಡಬ್ಬಿ ನೋಡಿ, ಫ್ರೀಜರಿಂದ ತೆಗೆದ ತಕ್ಷಣ ಮುಚ್ಚಳ ತೆಗೆದ್ರೆ ಒಳಗೆ ನೀರು ಕೂತು ಔಷಧಿ ಹಾಳಾಗುತ್ತೆ, ರೂಮಿನ ತಾಪಮಾನಕ್ಕೆ ಬರೋವರೆಗೂ ಮುಚ್ಚಿಡಿ.

ಜೆಂಟಾಮೈಸಿನ್ ಮತ್ತೆ ಎರಿತ್ರೊಮೈಸಿನ್ ಚಿಕ್ಕದು, ಟೆಟ್ರಾಸೈಕ್ಲಿನ್ ದೊಡ್ಡದು, ಹೀಗೆ ಬಂದ್ರೆ ಅಗರ್ ಪಿಎಚ್ ಇಳಿದಿದೆ. ಟ್ರೈಮೆಥೊಪ್ರಿಮ್ ಸಲ್ಫಾ ಝೋನ್ ಒಳಗೆ ಮಂಜು ತರ ಬೆಳೆದಿದ್ರೆ ಅಗರ್‌ನಲ್ಲಿ ಥೈಮಿಡಿನ್ ಜಾಸ್ತಿ ಇರಬಹುದು, ತೆಳುವಾದ ಮಂಜನ್ನ ಬಿಟ್ಟು ಗಟ್ಟಿ ಬೆಳವಣಿಗೆಯ ಅಂಚನ್ನ ಅಳೀಬೇಕು. ಝೋನ್ ಒಳಗೆ ಬಿಡಿಬಿಡಿ ಕಾಲೊನಿ ಕಂಡ್ರೆ ಮಾತ್ರ ಎಚ್ಚರ, ಅದು ಮಿಕ್ಸ್ ಆದ ಕಲ್ಚರ್ ಇರಬಹುದು ಇಲ್ಲಾ ನಿಜವಾದ ರೆಸಿಸ್ಟೆಂಟ್ ಗುಂಪೇ ಇರಬಹುದು, ಆ ಕಾಲೊನಿನ ಎತ್ತಿ ಪ್ಯೂರ್ ಮಾಡಿ ಮತ್ತೆ ಹಾಕಿ ನೋಡಿ, ಬಿಟ್ಟುಬಿಡಬೇಡಿ.

ಇದೆಲ್ಲಾ ಅನುಮಾನಕ್ಕೂ ಒಂದೇ ಉತ್ತರ, ಕಂಟ್ರೋಲ್ ತಳಿ, ಅಂದ್ರೆ ಝೋನ್ ಎಷ್ಟು ಬರ್ಬೇಕು ಅಂತ ಮೊದಲೇ ಗೊತ್ತಿರೋ ಬ್ಯಾಕ್ಟೀರಿಯಾ. ಇ ಕೋಲೈ ಎಟಿಸಿಸಿ 25922 ಜೊತೆಗೆ ಹಾಕಿ, ಜೆಂಟಾಮೈಸಿನ್ 10 ಮೈಕ್ರೊಗ್ರಾಂ ಡಿಸ್ಕಿಗೆ ಅದು 19ರಿಂದ 26 ಮಿಲಿಮೀಟರ್ ಒಳಗೆ ಬರ್ಬೇಕು. ಬಂದಿಲ್ಲ ಅಂದ್ರೆ ಅವತ್ತಿನ ಯಾವ ರಿಪೋರ್ಟೂ ಹೊರಗೆ ಕೊಡಬೇಡಿ. ಕೊಲಿಸ್ಟಿನ್‌ಗೆ ಮಾತ್ರ ಡಿಸ್ಕ್ ಹಾಕಲೇಬೇಡಿ, ಅದರ ಅಣು ದೊಡ್ಡದು, ಅಗರ್‌ನಲ್ಲಿ ಸರಿಯಾಗಿ ಹರಡಲ್ಲ, ರೆಸಿಸ್ಟೆಂಟ್ ಇರೋದು ಸೆನ್ಸಿಟಿವ್ ತರ ಕಾಣುತ್ತೆ. ಅದಕ್ಕೆ ಬ್ರಾತ್ ಮೈಕ್ರೊಡೈಲ್ಯೂಶನ್ (ದ್ರವದಲ್ಲಿ ಔಷಧಿನ ಹಂತ ಹಂತವಾಗಿ ತೆಳು ಮಾಡಿ ನೋಡೋ ಟೆಸ್ಟ್) ಮಾಡೋ ಲ್ಯಾಬಿಗೇ ಕಳಿಸ್ಬೇಕು.

ನಿಜವಾಗಲೂ ರೆಸಿಸ್ಟೆಂಟ್, ಯಾವ ತರದ್ದು?

ಇಷ್ಟೆಲ್ಲಾ ದಾಟಿ ಬಂದು ರಿಪೋರ್ಟಲ್ಲಿ ರೆಸಿಸ್ಟೆಂಟ್ ಅಂತ ಗಟ್ಟಿಯಾದ್ರೆ ಈಗ ಪ್ಯಾಟರ್ನ್ ಓದ್ಬೇಕು, ಬರೀ ಸಾಲು ಸಾಲು ಆರ್ (ರೆಸಿಸ್ಟೆಂಟ್) ಮತ್ತೆ ಎಸ್ (ಸೆನ್ಸಿಟಿವ್) ನೋಡಿ ಎಸ್ ಇರೋದನ್ನ ಆರಿಸೋದಲ್ಲ.

ಸ್ಟಫೈಲೋಕಾಕಸ್ ಆರಿಯಸ್ ಪೆನಿಸಿಲಿನ್‌ಗೆ ಆರ್, ಸೆಫಾಕ್ಸಿಟಿನ್‌ಗೆ ಎಸ್ ಅಂದ್ರೆ ಪೆನಿಸಿಲಿನ್ ಒಡೆಯೋ ಎಂಜೈಮ್ ಇದೆ ಅಷ್ಟೇ, ಬೇರೆ ದಾರಿಗಳಿವೆ. ಸೆಫಾಕ್ಸಿಟಿನ್‌ಗೂ ಆರ್ ಅಂದ್ರೆ ಎಮ್‌ಆರ್‌ಎಸ್‌ಎ (ಪೆನಿಸಿಲಿನ್ ಗುಂಪಿಗೇ ಬಗ್ಗದ ಸ್ಟಫೈಲೋಕಾಕಸ್ ಆರಿಯಸ್) ಅಂತ ತಿಳ್ಕೊಂಡು ಪೆನಿಸಿಲಿನ್ ಸೆಫಲೋಸ್ಪೊರಿನ್ ಗುಂಪೇ ಬಿಟ್ಟುಬಿಡಿ, ಬೇರೆ ಡಿಸ್ಕಲ್ಲಿ ಎಸ್ ಕಂಡ್ರೂ ಸಹ. ಪ್ಲೇಟಲ್ಲಿ ಎಮ್‌ಆರ್‌ಎಸ್‌ಎ, ಆದ್ರೆ ಪಿಸಿಆರ್‌ನಲ್ಲಿ ಮೆಕ್‌ಎ ಜೀನ್ (ಈ ರೆಸಿಸ್ಟೆನ್ಸ್ ತರೋದು) ನೆಗೆಟಿವ್ ಅಂತ ಬಂದ್ರೆ ಪ್ಲೇಟ್ ತಪ್ಪು ಅಂತ ಮುಗಿಸಬೇಡಿ. 2011ರಲ್ಲಿ ಹಸುವಿನ ಹಾಲಿನ ತಳಿಗಳಲ್ಲಿ ಮೆಕ್‌ಸಿ ಅನ್ನೋ ಇನ್ನೊಂದು ಜೀನ್ ಪತ್ತೆ ಆಯ್ತು, ಹಳೇ ಪಿಸಿಆರ್ ಅದನ್ನ ಹಿಡೀತಾನೇ ಇರ್ಲಿಲ್ಲ.

ಇ ಕೋಲೈ ಸೆಫೊಟಾಕ್ಸಿಮ್ ಇಲ್ಲಾ ಸೆಫ್ಟಜಿಡಿಮ್‌ಗೆ ಆರ್ ಬಂದ್ರೆ ಅದೇ ಡಿಸ್ಕನ್ನ ಕ್ಲಾವುಲಾನಿಕ್ ಆಸಿಡ್ ಜೊತೆ ಇರೋದರ ಪಕ್ಕ ಹಾಕಿ, ಝೋನ್ 5 ಮಿಲಿಮೀಟರ್ ಅಥವಾ ಜಾಸ್ತಿ ಹಿಗ್ಗಿದ್ರೆ ಇಎಸ್‌ಬಿಎಲ್. ಅದು ಸೆಫಲೋಸ್ಪೊರಿನ್ನೂ ಒಡೆಯೋ ಎಂಜೈಮ್. ಹಿಗ್ಗಲಿಲ್ಲ, ಜೊತೆಗೆ ಸೆಫಾಕ್ಸಿಟಿನ್‌ಗೂ ಆರ್ ಇದ್ರೆ ಆಂಪ್‌ಸಿ (ಅಂಥದ್ದೇ ಇನ್ನೊಂದು ಎಂಜೈಮ್) ಮೇಲೆ ಅನುಮಾನ. ಇವನ್ನ ಮಾಡೋದು ಹೆಚ್ಚಾಗಿ ಪ್ಲಾಸ್ಮಿಡ್ (ಬ್ಯಾಕ್ಟೀರಿಯಾ ಒಳಗಿನ ಬಿಡಿ ಡಿಎನ್ಎ ಉಂಗುರ) ಮೇಲೆ ಕೂತಿರೋ ಜೀನ್‌ಗಳು, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ, ಒಂದು ಜಾತಿಯಿಂದ ಇನ್ನೊಂದು ಜಾತಿಗೂ ದಾಟ್ತವೆ. ಕೊಲಿಸ್ಟಿನ್‌ದೂ ಹಾಗೇ, ಅದರ ರೆಸಿಸ್ಟೆನ್ಸ್ ಬರೀ ಮ್ಯುಟೇಶನ್‌ನಿಂದ ಬರುತ್ತೆ, ದಾಟಲ್ಲ ಅಂತ ನಂಬಿದ್ರು, 2015ರ ನವೆಂಬರಲ್ಲಿ ಚೀನಾದ ಸಂಶೋಧಕರು ಹಂದಿಯ ಇ ಕೋಲೈಲಿ ಎಮ್‌ಸಿಆರ್-1 ಅನ್ನೋ ದಾಟೋ ಜೀನ್ ತೋರಿಸಿದ್ರು, 2017ರಲ್ಲಿ ಚೀನಾ, 2019ರಲ್ಲಿ ಭಾರತ, ಆಹಾರಕ್ಕೆ ಸಾಕೋ ಪ್ರಾಣಿಗಳಲ್ಲಿ ಕೊಲಿಸ್ಟಿನ್ ಬಳಕೆಗೆ ನಿರ್ಬಂಧ ಹಾಕಿದ್ವು.

ಕ್ಯಾಂಪೈಲೊಬ್ಯಾಕ್ಟರ್‌ನದು (ಇದು ಕೋಳಿ ಕರುಳಲ್ಲಿರೋ, ಮನುಷ್ಯರಿಗೆ ಭೇದಿ ತರೋ ಬ್ಯಾಕ್ಟೀರಿಯಾ) ಬೇರೆ ದಾರಿ, ಜೈರ್‌ಎ ಜೀನಲ್ಲಿ ಒಂದೇ ಒಂದು ಬದಲಾವಣೆ ಸಾಕು, ಕೋಳಿಗಳಿಗೆ ಎನ್ರೋಫ್ಲಾಕ್ಸಾಸಿನ್ ಕೊಡ್ತಿರೋ ದಿನಗಳಲ್ಲೇ ರೆಸಿಸ್ಟೆಂಟ್ ತಳಿ ಮೇಲೆ ಬರುತ್ತೆ, ಔಷಧಿ ನಿಲ್ಲಿಸಿದ್ರೂ ಬಹಳ ದಿನ ಉಳಿಯುತ್ತೆ. 2005ರಲ್ಲಿ ಅಮೆರಿಕದ ಎಫ್‌ಡಿಎ (ಔಷಧಿ ನಿಯಂತ್ರಣ ಸಂಸ್ಥೆ) ಕೋಳಿಗಳಿಗೆ ಎನ್ರೋಫ್ಲಾಕ್ಸಾಸಿನ್ ಕೊಡೋದಕ್ಕೆ ಇದ್ದ ಅನುಮತಿ ವಾಪಸ್ ತಗೊಂಡಿದ್ದು ಇದೇ ಕಾರಣಕ್ಕೆ.

ಎಲ್ಲಿಂದ ಬಂತು, ಯಾಕೆ ಹೋಗ್ತಿಲ್ಲ?

"ಆ ಔಷಧಿ ನಿಲ್ಲಿಸಿ ವರ್ಷ ಆಯ್ತು, ಆದ್ರೂ ರೆಸಿಸ್ಟೆನ್ಸ್ ಇದೆ" ಅನ್ನೋ ದೂರಿಗೆ ಡೆನ್ಮಾರ್ಕ್‌ನ ಉದಾಹರಣೆಗಿಂತ ಒಳ್ಳೇದು ನನಗೆ ಗೊತ್ತಿಲ್ಲ. ಅಲ್ಲಿ 1995ರಲ್ಲಿ ಆಹಾರದಲ್ಲಿ ಅವೊಪಾರ್ಸಿನ್ ನಿಷೇಧ ಆಯ್ತು, ಅದು ಮನುಷ್ಯರಿಗೆ ಕೊಡೋ ಆಂಟಿಬಯಾಟಿಕ್ ಆದ ವ್ಯಾಂಕೊಮೈಸಿನ್‌ನ ಸಂಬಂಧಿ. ಕೋಳಿಗಳಲ್ಲಿ ವ್ಯಾಂಕೊಮೈಸಿನ್ ರೆಸಿಸ್ಟೆಂಟ್ ಎಂಟೆರೊಕಾಕಸ್ ಇಳೀತು, ಹಂದಿಗಳಲ್ಲಿ ಇಳೀಲೇ ಇಲ್ಲ. ಕಾರಣ ಹುಡುಕಿದ್ರೆ ಹಂದಿಗಳಿಗೆ ಟೈಲೋಸಿನ್ ಅನ್ನೋ ಬೇರೆ ಆಂಟಿಬಯಾಟಿಕ್ ಇನ್ನೂ ಕೊಡ್ತಿದ್ರು, ಟೈಲೋಸಿನ್‌ನಿಂದ ಕಾಪಾಡೋ ಜೀನೂ ವ್ಯಾಂಕೊಮೈಸಿನ್‌ನಿಂದ ಕಾಪಾಡೋ ಜೀನೂ ಒಂದೇ ಪ್ಲಾಸ್ಮಿಡ್ ಮೇಲಿದ್ವು. 1998ರಲ್ಲಿ ಟೈಲೋಸಿನ್ ಕಮ್ಮಿ ಆದ್ಮೇಲೆ ಹಂದಿಗಳಲ್ಲೂ ಇಳೀತು. ಹಾಗಾಗಿ ನಿಮ್ಮ ಫಾರಂನಲ್ಲಿ ನಿಲ್ಲಿಸಿದ ಔಷಧಿ ಬಗ್ಗೆ ಮಾತ್ರ ಕೇಳ್ಕೊಂಡ್ರೆ ಸಾಲಲ್ಲ, ಇನ್ನೂ ಏನೇನು ಕೊಡ್ತಿದ್ದೀರಿ ಅಂತ ಪೂರ್ತಿ ಪಟ್ಟಿ ಮಾಡಿ, ಅದರಲ್ಲಿ ಆಹಾರಕ್ಕೆ ಹಾಕೋ ತಾಮ್ರ ಮತ್ತೆ ಸತುವನ್ನೂ ಸೇರಿಸಿ, ಅವೂ ಜೊತೆಜೊತೆಗೆ ರೆಸಿಸ್ಟೆನ್ಸ್ ಉಳಿಸ್ತವೆ. ಯುರೋಪಿಯನ್ ಯೂನಿಯನ್ 2022ರಲ್ಲಿ ಹಂದಿಮರಿಗಳಿಗೆ ಔಷಧಿ ಪ್ರಮಾಣದ ಜಿಂಕ್ ಆಕ್ಸೈಡ್ ನಿಲ್ಲಿಸಿದ್ರಲ್ಲಿ ಈ ಚಿಂತೆಯೂ ಒಂದು ಕಾರಣ.

ಔಷಧಿನೇ ಮುಟ್ಟದ ಕರುಗಳಲ್ಲಿ ರೆಸಿಸ್ಟೆಂಟ್ ಇ ಕೋಲೈ ಸಿಕ್ರೆ ಅವಕ್ಕೆ ಕುಡಿಸೋ ಹಾಲು ಎಲ್ಲಿಂದ ಅಂತ ನೋಡಿ. ಔಷಧಿ ಹಾಕಿದ ಹಸುವಿನ ಹಾಲು ಮಾರೋಕಾಗಲ್ಲ ಅಂತ ಕರುಗಳಿಗೆ ಹಾಕ್ತಿದ್ರೆ ದಿನಾ ಸಣ್ಣ ಪ್ರಮಾಣದ ಆಂಟಿಬಯಾಟಿಕ್ ಅವೇ ಕುಡೀತಿವೆ. ಆಮೇಲೆ ನೀರಿನ ಪೈಪು, ಹೊರಗಿಂದ ತಂದ ಪ್ರಾಣಿಗಳು, ಮತ್ತೆ ಜನ. 1976ರಲ್ಲಿ ಪ್ರಕಟವಾದ ಅಮೆರಿಕದ ವಿಜ್ಞಾನಿ ಸ್ಟುವರ್ಟ್ ಲೆವಿ ಅವರ ಅಧ್ಯಯನದಲ್ಲಿ ಕೋಳಿ ಆಹಾರಕ್ಕೆ ಟೆಟ್ರಾಸೈಕ್ಲಿನ್ ಸೇರಿಸಿದ ವಾರದೊಳಗೆ ಕೋಳಿಗಳ ಕರುಳಲ್ಲಿ ಬಹುತೇಕ ರೆಸಿಸ್ಟೆಂಟ್ ಬ್ಯಾಕ್ಟೀರಿಯಾನೇ ಆಯ್ತು, ಐದಾರು ತಿಂಗಳಲ್ಲಿ ಆ ಫಾರಂ ಮನೆಯವರಲ್ಲೂ ಜಾಸ್ತಿ ಆಯ್ತು, ಅವರು ಆ ಔಷಧಿ ತಗೊಂಡಿರ್ಲಿಲ್ಲ. ಹಂದಿ ಸಾಕೋರಲ್ಲಿ ಸಿಸಿ398 ತಳಿಯ ಎಮ್‌ಆರ್‌ಎಸ್‌ಎ ಸಿಕ್ಕ ಮೇಲೆ ನೆದರ್ಲೆಂಡ್ಸ್ ಆಸ್ಪತ್ರೆಗಳು ಜೀವಂತ ಹಂದಿ ಜೊತೆ ಕೆಲಸ ಮಾಡೋರನ್ನ ಅಡ್ಮಿಟ್ ಮಾಡೋವಾಗ ಬೇರೆಯಾಗಿ ಟೆಸ್ಟ್ ಮಾಡೋಕೆ ಶುರು ಮಾಡಿದ್ವು. ಹಾಗಾಗಿ ನಿಮ್ಮ ಫಾರಂನಲ್ಲಿ ಇಂಥದ್ದು ಸಿಕ್ಕಿದ್ರೆ ಗ್ಲೌಸ್, ಕೈ ತೊಳೆಯೋದು, ಗಾಯ ಮುಚ್ಚೋದು ಕಡ್ಡಾಯ, ಮನೇಲಿ ಯಾರಿಗಾದ್ರೂ ಗಾಯ ವಾಸಿ ಆಗದೇ ಇದ್ರೆ ಡಾಕ್ಟ್ರಿಗೆ ಫಾರಂ ವಿಷಯ ಹೇಳಿ.

ಈಗ ಏನು ಕೊಡೋದು?

ಅದನ್ನ ನಿಮ್ಮ ಪಶುವೈದ್ಯರು ರಿಪೋರ್ಟ್ ಮತ್ತೆ ಪ್ರಾಣಿ ಎರಡನ್ನೂ ನೋಡಿ ನಿರ್ಧರಿಸ್ಬೇಕು. ಅವರ ಜೊತೆ ಮಾತಾಡೋವಾಗ ಕೆಲಸ ಮಾಡೋ ಔಷಧಿಗಳಲ್ಲಿ ಅತಿ ಕಿರಿದಾದದ್ದು (ಅಂದ್ರೆ ಕಮ್ಮಿ ತರದ ಬ್ಯಾಕ್ಟೀರಿಯಾಗಳಿಗೆ ಮಾತ್ರ ತಾಗೋದು) ಯಾವುದು ಅಂತ ಕೇಳಿ, ಅತಿ ಸ್ಟ್ರಾಂಗ್ ಯಾವುದು ಅಂತ ಕೇಳ್ಬೇಡಿ. ಮೂರು ನಾಲ್ಕನೇ ತಲೆಮಾರಿನ ಸೆಫಲೋಸ್ಪೊರಿನ್, ಕ್ವಿನೊಲೋನ್, ಕೊಲಿಸ್ಟಿನ್ ಇವನ್ನ ಮನುಷ್ಯರ ಚಿಕಿತ್ಸೆಗೆ ಅತಿ ಮುಖ್ಯ ಅಂತ ವಿಶ್ವ ಆರೋಗ್ಯ ಸಂಸ್ಥೆ ಗುರುತು ಹಾಕಿಟ್ಟಿದೆ, ಬೇರೆ ಏನೂ ಉಳಿದಿಲ್ಲ ಅಂತ ರಿಪೋರ್ಟ್ ಹೇಳಿದಾಗ ಮಾತ್ರ ಅದರ ಮಾತು. ಇನ್ನು ಆಂಟಿಬಯಾಟಿಕ್ಕೇ ಬೇಡ ಅನ್ನೋದೂ ಒಂದು ಉತ್ತರ, ಜ್ವರ ಇಲ್ಲದ ಸಣ್ಣ ಇ ಕೋಲೈ ಬಾವಿಗೆ, ಚುರುಕಾಗಿ ಹಾಲು ಕುಡೀತಿರೋ ಕರುವಿನ ಭೇದಿಗೆ.

ಔಷಧಿ ಮಧ್ಯದಲ್ಲಿ ಬದಲಾಯಿಸಿದ್ರೆ ಹಾಲು ಮಾಂಸ ಬಿಡೋ ಅವಧಿನ (ಔಷಧಿ ಹಾಕಿದ ಮೇಲೆ ಹಾಲು ಮಾಂಸ ಮಾರಬಾರದ ದಿನಗಳು) ಹೊಸದಾಗಿ ಲೆಕ್ಕ ಹಾಕ್ಬೇಕು, ಎರಡು ಔಷಧಿಗಳ ಅವಧಿನೂ ಅವುಗಳ ಕೊನೇ ಡೋಸಿಂದ ಎಣಿಸಿ ಯಾವುದು ತಡವಾಗಿ ಮುಗಿಯುತ್ತೋ ಅದನ್ನ ಹಿಡೀರಿ, ಲೇಬಲ್ ಡೋಸ್ ಮೀರಿದ್ರೆ ಅದಕ್ಕಿಂತ ಜಾಸ್ತಿ ಬೇಕಾಗುತ್ತೆ, ಡಾಕ್ಟ್ರ ಹತ್ರ ಬರೆಸ್ಕೊಳ್ಳಿ. ಕೆಚ್ಚಲು ಬಾವಾದ್ರೆ ಕೋರ್ಸ್ ಮುಗಿದು ಎರಡು ವಾರಕ್ಕೆ ಒಂದು ಸಲ, ನಾಲ್ಕು ವಾರಕ್ಕೆ ಇನ್ನೊಂದು ಸಲ ಅದೇ ಮೊಲೆಯ ಹಾಲು ಕಲ್ಚರಿಗೆ ಕಳಿಸಿ. ಅದೇ ಬ್ಯಾಕ್ಟೀರಿಯಾ ಅದೇ ಪ್ಯಾಟರ್ನಲ್ಲಿ ಬಂದ್ರೆ ಹಳೇ ಸೋಂಕು ಹೋಗಿಲ್ಲ, ಔಷಧಿ ಕೊಟ್ಟ ರೀತಿನೋ ಅದು ಅಡಗಿರೋ ಜಾಗನೋ ಮತ್ತೆ ನೋಡ್ಬೇಕು. ಬೇರೆ ಬ್ಯಾಕ್ಟೀರಿಯಾ ಬಂದ್ರೆ ಔಷಧಿ ತನ್ನ ಕೆಲಸ ಮಾಡಿದೆ, ಹೊಸ ಸೋಂಕು ಹೊರಗಿಂದ ಬಂದಿದೆ, ಆಗ ಹುಡುಕಬೇಕಾದ ಜಾಗ ಹಿಂಡೋ ಕೈ, ಮೆಶಿನ್ನಿನ ಲೈನರ್ ಮತ್ತೆ ಹಸು ಮಲಗೋ ನೆಲ.